ಅಳಿಸುವ ಮೊದಲು ಬಾಯಿ ಬಿಡುವ ಕ್ಲೀನರ್

ಕಂಪ್ಯೂಟರಿನ ಕಸ ತೆಗೆಯಲು ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳಿದರೆ, ಎಷ್ಟು ಜಿಬಿ ಖಾಲಿ ಮಾಡುತ್ತದೆ ಎಂಬ ಲೆಕ್ಕದಲ್ಲೇ ಉತ್ತರ ಬರುತ್ತದೆ. ತೆರೆಯ ಮೇಲಿನದನ್ನು ಧ್ವನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವ, ಕಣ್ಣು ಕಾಣದ ನಮ್ಮಂಥವರಿಗೆ ಆ ಲೆಕ್ಕ ಆಮೇಲಿನದು. ಏನನ್ನು ಅಳಿಸಲಿದ್ದೇನೆ ಎಂದು ಆ ತಂತ್ರಾಂಶ ಅಳಿಸುವ ಮೊದಲೇ ಬಾಯಿ ಬಿಟ್ಟು ಹೇಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಪಟ್ಟಿಯಲ್ಲಿ ‘ಕುಕೀಸ್’ ಎಂದು ಓದಿ, ಅದಕ್ಕೆ ಗುರುತು ಬಿದ್ದಿದೆಯೋ ಇಲ್ಲವೋ ಹೇಳದೆ ಮುಂದಿನ ಸಾಲಿಗೆ ಹೋಗುವ ಕ್ಲೀನರ್ ಎಷ್ಟೇ ಹೆಸರು ಮಾಡಿದ್ದರೂ ನಮ್ಮ ಕೆಲಸಕ್ಕೆ ಬಾರದು.

ಇನ್ನೊಂದು ಕಾರಣವೂ ಇದೆ. ಶುಚಿ ಮಾಡಲು ಹೋಗಿ ಏನಾದರೂ ಕೆಟ್ಟರೆ, ಕಣ್ಣಿನಿಂದ ಕೆಲಸ ಮಾಡುವವರ ಮುಂದೆ ತೆರೆಯಾದರೂ ಉಳಿದಿರುತ್ತದೆ. ನಮಗೆ ಧ್ವನಿಯೇ ನಿಂತುಹೋದರೆ ಕೆಟ್ಟದ್ದನ್ನು ಸರಿಪಡಿಸುವ ದಾರಿಯೂ ಅದರ ಜೊತೆಗೇ ಮುಚ್ಚುತ್ತದೆ. ಆದ್ದರಿಂದ ಸ್ವಲ್ಪ ಕಡಿಮೆ ಕಸ ತೆಗೆದರೂ ಚಿಂತೆಯಿಲ್ಲ, ಮಾತನ್ನು ಮುಟ್ಟದ ಉಪಕರಣವನ್ನೇ ಆರಿಸಬೇಕು.

ಕೆಳಗೆ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ, ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರಿನ ಕೀಲಿಗಳ ಪ್ರಕಾರ. ಎನ್‌ವಿಡಿಎ ಕೀಲಿ ಎಂದರೆ ಇನ್ಸರ್ಟ್, ಹಾಗೆ ಹೊಂದಿಸಿಕೊಂಡಿದ್ದರೆ ಕ್ಯಾಪ್ಸ್ ಲಾಕ್. ಜಾಸ್ ಅಥವಾ ನರೇಟರ್ ಎಂಬ ಬೇರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಕೀಲಿಗಳು ಬೇರೆ, ಪರೀಕ್ಷೆ ಅದೇ. ಟೈಪ್ ಮಾಡಬೇಕಾದ ಆದೇಶಗಳನ್ನು ಕಿವಿಗೆ ಕೇಳುವಂತೆ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಕ್ಲೀನರ್ ಬೇಕೇ ಬೇಕೇ?

ಹೆಚ್ಚಿನವರಿಗೆ ಬೇಡ. ವಿಂಡೋಸ್‌ನಲ್ಲೇ ಇರುವ ಎರಡು ಉಪಕರಣಗಳು ಮುಕ್ಕಾಲು ಕೆಲಸ ಮುಗಿಸುತ್ತವೆ, ಎರಡೂ ಎನ್‌ವಿಡಿಎ ಜೊತೆ ಸರಿಯಾಗಿ ಮಾತಾಡುತ್ತವೆ.

ಮೊದಲನೆಯದು ಸೆಟ್ಟಿಂಗ್ಸ್‌ನ ಸ್ಟೋರೇಜ್ ಪುಟ. ವಿಂಡೋಸ್ ಕೀಲಿ ಮತ್ತು ಐ ಒತ್ತಿ, ಸಿಸ್ಟಂ, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಪುಟ ತೆರೆದ ಕೂಡಲೇ ಅದು ಡಿಸ್ಕನ್ನು ಹುಡುಕಲು ಶುರುಮಾಡುತ್ತದೆ, ಚೆಕ್‌ಬಾಕ್ಸುಗಳು ಒಂದೊಂದಾಗಿ ಬಂದು ಸೇರುತ್ತವೆ. ಅವಸರದಲ್ಲಿ ಟ್ಯಾಬ್ ಒತ್ತಿದರೆ ಅರ್ಧ ಪಟ್ಟಿ ಮಾತ್ರ ಸಿಗುತ್ತದೆ, ಆದ್ದರಿಂದ ಒಂದೆರಡು ನಿಮಿಷ ಬಿಟ್ಟು ಓದಿ. ಪ್ರತಿ ಚೆಕ್‌ಬಾಕ್ಸ್ ಮೇಲೆ ನಿಂತಾಗ ಹೆಸರು, ಗಾತ್ರ, ಗುರುತು ಇದೆಯೇ ಎಂಬುದು ಕೇಳಿಸಬೇಕು. ಬದಲಿಸಲು ಸ್ಪೇಸ್. ‘ರಿಮೂವ್ ಫೈಲ್ಸ್’ ಬಟನ್ ಪಟ್ಟಿಯ ಕೊನೆಯಲ್ಲಿಲ್ಲ, ಮೇಲೆ ಇದೆ. ಶಿಫ್ಟ್ ಟ್ಯಾಬ್ ಒತ್ತುತ್ತ ಹಿಂದಕ್ಕೆ ಹೋಗಬೇಕು.

ಈ ಪಟ್ಟಿಯಲ್ಲಿ ಎರಡು ಸಾಲುಗಳ ಮೇಲೆ ನಿಗಾ ಇರಲಿ. ಒಂದು ‘ಡೌನ್‌ಲೋಡ್ಸ್’. ಅದು ಕಸದ ಫೋಲ್ಡರ್ ಅಲ್ಲ, ಇಳಿಸಿಕೊಂಡ ಕಡತಗಳೆಲ್ಲ ಕೂರುವ ಜಾಗ. ವಿಂಡೋಸ್ 10ರ 1809ನೇ ಆವೃತ್ತಿಯಲ್ಲಿ ಇದನ್ನು ಹಳೆಯ ಡಿಸ್ಕ್ ಕ್ಲೀನಪ್ ಪಟ್ಟಿಗೂ ಸೇರಿಸಿದ್ದರು, 2004ನೇ ಆವೃತ್ತಿಯಲ್ಲಿ ಅಲ್ಲಿಂದ ತೆಗೆದರು. ಸೆಟ್ಟಿಂಗ್ಸ್ ಪುಟದಲ್ಲಿ ಈಗಲೂ ಇದೆ. ತಾನಾಗಿ ಗುರುತು ಬಿದ್ದಿರುವುದಿಲ್ಲ, ಆದರೆ ಪಟ್ಟಿಯುದ್ದಕ್ಕೂ ಸ್ಪೇಸ್ ಒತ್ತುತ್ತ ಹೋಗುವ ಅಭ್ಯಾಸವಿದ್ದರೆ ಇದೂ ಸೇರಿಹೋಗುತ್ತದೆ. ಇನ್ನೊಂದು ಹಿಂದಿನ ವಿಂಡೋಸ್ ಸ್ಥಾಪನೆಯ ಕಡತಗಳು. ದೊಡ್ಡ ಅಪ್‌ಡೇಟ್ ಆದ ಮೇಲೆ 10 ದಿನದೊಳಗೆ ಹಳೆಯ ಆವೃತ್ತಿಗೆ ಮರಳುವ ಅವಕಾಶ ಇದರಿಂದಲೇ ಸಿಗುವುದು. ಹೊಸ ಆವೃತ್ತಿಯಲ್ಲಿ ಸ್ಕ್ರೀನ್ ರೀಡರ್, ಬ್ರೈಲ್ ಡಿಸ್ಪ್ಲೇ, ಧ್ವನಿಗಳು ಎಲ್ಲ ಸರಿಯಾಗಿವೆ ಎಂದು ಖಾತ್ರಿಯಾಗುವವರೆಗೆ ಇದನ್ನು ಮುಟ್ಟಬೇಡಿ. ಥಂಬ್‌ನೇಲ್‌ಗಳನ್ನು ಮಾತ್ರ ಯೋಚಿಸದೆ ತೆಗೆಯಬಹುದು. ಬೇಕಾದಾಗ ವಿಂಡೋಸ್ ಮತ್ತೆ ಮಾಡಿಕೊಳ್ಳುತ್ತದೆ.

ಎರಡನೆಯದು ಹಳೆಯ ಡಿಸ್ಕ್ ಕ್ಲೀನಪ್. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಸಿ ಎಲ್ ಇ ಎ ಎನ್ ಎಂ ಜಿ ಆರ್ ಎಂಬ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಒಂದಕ್ಕಿಂತ ಹೆಚ್ಚು ಡ್ರೈವ್ ಇದ್ದರೆ ಯಾವುದು ಎಂದು ಕೇಳುತ್ತದೆ. ಪಟ್ಟಿಯಲ್ಲಿ ಮೇಲೆ ಕೆಳಗೆ ಬಾಣದ ಕೀಲಿ, ಗುರುತಿಗೆ ಸ್ಪೇಸ್. ಆಯ್ದ ಸಾಲಿನ ವಿವರಣೆ ಪಟ್ಟಿಯ ಕೆಳಗಡೆ ಬೇರೆಯಾಗಿ ಬರುತ್ತದೆ. ತಾನಾಗಿ ಓದದಿದ್ದರೆ ಎನ್‌ವಿಡಿಎ ಮತ್ತು ಬಿ ಒತ್ತಿ ಇಡೀ ಕಿಟಕಿಯನ್ನು ಓದಿಸಿಕೊಳ್ಳಿ. ‘ಕ್ಲೀನ್ ಅಪ್ ಸಿಸ್ಟಂ ಫೈಲ್ಸ್’ ಬಟನ್ ಒತ್ತಿದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿ, ಎಲ್ಲವನ್ನೂ ಮೊದಲಿನಿಂದ ಎಣಿಸಿ, ಹೊಸ ಕಿಟಕಿ ತೆರೆಯುತ್ತದೆ. ಮೊದಲು ಹಾಕಿದ ಗುರುತುಗಳು ಹಾಗೇ ಇವೆ ಎಂದುಕೊಳ್ಳದೆ ಮತ್ತೊಮ್ಮೆ ಓದಿ. ಇಲ್ಲಿ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಹೋಯಿತು ಎಂದೇ ಲೆಕ್ಕ.

ಈ ಡಿಸ್ಕ್ ಕ್ಲೀನಪ್‌ಗೆ ಒಂದು ಗುಣವಿದೆ, ನನಗೆ ತುಂಬ ಇಷ್ಟವಾದದ್ದು. ಅದೇ ಆದೇಶದ ಮುಂದೆ ಸ್ಪೇಸ್ ಬಿಟ್ಟು ಸ್ಲ್ಯಾಶ್, ಎಸ್ ಎ ಜಿ ಇ ಎಸ್ ಇ ಟಿ, ಕೋಲನ್, 1 ಎಂದು ಸೇರಿಸಿದರೆ ಗುರುತು ಹಾಕುವ ಕಿಟಕಿ ತೆರೆಯುತ್ತದೆ. ಸಮಾಧಾನವಾಗಿ ಕುಳಿತು ಒಮ್ಮೆ ಆರಿಸಿ ಓಕೆ ಒತ್ತಿದರೆ ಆಯ್ಕೆ ಉಳಿಯುತ್ತದೆ, ಏನೂ ಅಳಿಯುವುದಿಲ್ಲ. ಮುಂದಿನ ಸಲದಿಂದ ಸೇಜ್‌ಸೆಟ್ ಬದಲು ಎಸ್ ಎ ಜಿ ಇ ಆರ್ ಯು ಎನ್, ಕೋಲನ್, 1 ಎಂದರೆ ಅದೇ ಆಯ್ಕೆಯ ಪ್ರಕಾರ ಕೆಲಸ ನಡೆಯುತ್ತದೆ. ಪ್ರತಿ ಸಲ ಇಪ್ಪತ್ತು ಸಾಲು ಕೇಳುವ ಶ್ರಮವಿಲ್ಲ, ಕೈತಪ್ಪಿ ಬೇರೆ ಗುರುತು ಬೀಳುವ ಭಯವಿಲ್ಲ.

ತಾನಾಗಿ ನಡೆಯಬೇಕೆಂದರೆ ಸ್ಟೋರೇಜ್ ಸೆನ್ಸ್ ಇದೆ, ಅದೇ ಸ್ಟೋರೇಜ್ ಪುಟದಲ್ಲಿ. ರಿಸೈಕಲ್ ಬಿನ್‌ನಲ್ಲಿ 1, 14, 30 ಅಥವಾ 60 ದಿನಕ್ಕಿಂತ ಹಳೆಯದಾದದ್ದನ್ನು ತೆಗೆ ಎಂದು ಕಾಂಬೊ ಬಾಕ್ಸಿನಲ್ಲಿ ಹೇಳಬಹುದು. ಅದರ ಪಕ್ಕದಲ್ಲೇ ಡೌನ್‌ಲೋಡ್ಸ್‌ಗೂ ಅಂಥದ್ದೇ ಕಾಂಬೊ ಬಾಕ್ಸ್ ಇದೆ, ಅದನ್ನು ‘ನೆವರ್’ ಮೇಲೇ ಬಿಡಿ. ಕಾಂಬೊ ಬಾಕ್ಸ್ ಮೇಲೆ ನಿಂತು ಬಾಣದ ಕೀಲಿ ಒತ್ತಿದರೆ ಆಯ್ಕೆ ಬದಲಾಗಿಬಿಡುತ್ತದೆ. ಕೆಳಗೆ ಇಳಿಯಲು ಬಾಣ ಒತ್ತುವ ರೂಢಿ ಇರುವವರು ಇಲ್ಲಿ ಟ್ಯಾಬನ್ನೇ ಬಳಸಬೇಕು.

ಹೊರಗಿನ ತಂತ್ರಾಂಶವನ್ನು ಪರೀಕ್ಷಿಸುವುದು

ಇಷ್ಟರ ಮೇಲೂ ಬೇರೆ ಕ್ಲೀನರ್ ಬೇಕೆನಿಸಿದರೆ, ಪರೀಕ್ಷೆಗೆ ಹತ್ತು ನಿಮಿಷ ಸಾಕು. ಅದಕ್ಕೂ ಮೊದಲು ಎನ್‌ವಿಡಿಎ ಹೇಗೆ ನಡೆಯುತ್ತಿದೆ ನೋಡಿಕೊಳ್ಳಿ. ಪೆನ್ ಡ್ರೈವ್‌ನಿಂದ ಓಡಿಸುವ ಪೋರ್ಟಬಲ್ ಪ್ರತಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ಕಿಟಕಿಗಳು ಸಿಗುವುದಿಲ್ಲ, ಅನುಮತಿ ಕೇಳುವ ತೆರೆಯೂ ಸಿಗುವುದಿಲ್ಲ. ಕ್ಲೀನರ್‌ಗಳು ಹೆಚ್ಚಾಗಿ ಅದೇ ಅಧಿಕಾರದಲ್ಲಿ ನಡೆಯುತ್ತವೆ. ಹಾಗಾಗಿ ತಂತ್ರಾಂಶ ಮೂಕವಾಗಿದೆ ಎಂದು ಕೈಬಿಡುವ ಮೊದಲು, ಕಂಪ್ಯೂಟರಿನಲ್ಲಿ ಸ್ಥಾಪಿಸಿದ ಎನ್‌ವಿಡಿಎಯಿಂದ ಒಮ್ಮೆ ನೋಡಿ.

ಒಂದು ಬಟನ್ ನಮಗೆ ಬಟನ್ ಎಂದು ಕೇಳಿಸಬೇಕಾದರೆ ಅದರ ಹೆಸರು, ಬಗೆ, ಸ್ಥಿತಿ ಮೂರನ್ನೂ ತಂತ್ರಾಂಶ ವಿಂಡೋಸ್‌ಗೆ ಒಪ್ಪಿಸಿರಬೇಕು. ವಿಂಡೋಸ್‌ನ ಸಿದ್ಧ ಬಟನ್, ಪಟ್ಟಿ, ಚೆಕ್‌ಬಾಕ್ಸುಗಳನ್ನು ಬಳಸಿದರೆ ಇದು ತಾನಾಗಿ ಆಗುತ್ತದೆ. ಚೆಂದ ಕಾಣಲೆಂದು ಎಲ್ಲವನ್ನೂ ಚಿತ್ರವಾಗಿ ತಾವೇ ಬರೆದುಕೊಂಡ ತಂತ್ರಾಂಶಗಳಲ್ಲಿ, ಮಾಡಿದವರು ಆ ಮೂರು ಸಂಗತಿಯನ್ನು ಬೇರೆಯಾಗಿ ಸೇರಿಸದಿದ್ದರೆ ಸ್ಕ್ರೀನ್ ರೀಡರ್‌ಗೆ ದೊಡ್ಡದೊಂದು ಖಾಲಿ ಕಿಟಕಿ ಮಾತ್ರ ಸಿಗುತ್ತದೆ. ಕ್ಲೀನರ್‌ಗಳಲ್ಲಿ ಈ ಕಾಯಿಲೆ ಜಾಸ್ತಿ. ದೊಡ್ಡ ವೃತ್ತ, ಕೆಂಪು ಹಸಿರು ಬಣ್ಣ, ತಿರುಗುವ ಮುಳ್ಳು ಇವುಗಳಲ್ಲೇ ಅವು ವಿಷಯ ಹೇಳುತ್ತವೆ.

ತಂತ್ರಾಂಶ ತೆರೆದು ಮೊದಲು ಟ್ಯಾಬ್ ಒತ್ತುತ್ತ ಒಂದು ಸುತ್ತು ಬನ್ನಿ. ಪ್ರತಿ ನಿಲ್ದಾಣದಲ್ಲೂ ಹೆಸರು ಕೇಳಬೇಕು. ಬರೀ ‘ಬಟನ್’, ‘ಪೇನ್’, ‘ಗ್ರಾಫಿಕ್’ ಎಂದರೆ ಒಂದು ಅಂಕ ಕಳೆಯಿರಿ. ವೆಬ್ ಪುಟದ ತಂತ್ರಜ್ಞಾನದಿಂದ ಕಟ್ಟಿದ ತಂತ್ರಾಂಶವಾದರೆ ಬರಹವೆಲ್ಲ ಓದಿಬರುತ್ತದೆ, ಆದರೆ ಕೆಲವೊಮ್ಮೆ ಬಟನ್ ಎನ್ನುವ ಬದಲು ‘ಕ್ಲಿಕಬಲ್’ ಎಂದಷ್ಟೇ ಹೇಳುತ್ತದೆ. ಕ್ಲಿಕಬಲ್ ಎಂದರೆ ಒತ್ತಬಹುದು ಎಂದು ಮಾತ್ರ ಗೊತ್ತಾಯಿತು. ಒತ್ತಿದ ಮೇಲೆ ಆನ್ ಆಯಿತೋ ಆಫ್ ಆಯಿತೋ ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಗುರುತಿನ ಪರೀಕ್ಷೆ. ಅಳಿಸಬೇಕಾದವುಗಳ ಪಟ್ಟಿಗೆ ಹೋಗಿ, ಒಂದು ಸಾಲಿನ ಮೇಲೆ ಸ್ಪೇಸ್ ಒತ್ತಿ. ‘ಚೆಕ್ಡ್’ ಅಥವಾ ‘ನಾಟ್ ಚೆಕ್ಡ್’ ಕೇಳಿಸಬೇಕು. ಇನ್ನೊಮ್ಮೆ ಒತ್ತಿ, ತಿರುಗಬೇಕು. ಬಾಣದಿಂದ ಒಂದು ಸಾಲು ಕೆಳಗೆ ಹೋಗಿ ಮತ್ತೆ ಮೇಲೆ ಬನ್ನಿ, ಅದೇ ಸ್ಥಿತಿ ಮತ್ತೆ ಕೇಳಿಸಬೇಕು. ಏನೂ ಕೇಳದಿದ್ದರೆ ಎನ್‌ವಿಡಿಎ ಮತ್ತು ಟ್ಯಾಬ್ ಒತ್ತಿ, ಈಗ ಎಲ್ಲಿದ್ದೇನೆ ಎಂದು ಕೇಳಿ. ಆಗಲೂ ಹೆಸರು ಮಾತ್ರ ಬಂದು ಸ್ಥಿತಿ ಬರದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಉಳಿದದ್ದೆಲ್ಲ ಚೆನ್ನಾಗಿದೆ, ಇದೊಂದು ಬಿಟ್ಟುಬಿಡೋಣ ಎನ್ನುವ ರಿಯಾಯಿತಿ ಇಲ್ಲಿ ಸಲ್ಲದು.

ಇಂಥ ಕಡೆ ಎನ್‌ವಿಡಿಎ ಮತ್ತು ಆರ್ ಒತ್ತಿ ವಿಂಡೋಸ್‌ನ ಅಕ್ಷರ ಗುರುತಿಸುವ ಸೌಲಭ್ಯದಿಂದ ಓದಿಕೊಳ್ಳಬಹುದಲ್ಲ ಎಂಬ ಸಲಹೆ ಬರುತ್ತದೆ. ಅದು ತೆರೆಯ ಮೇಲಿನ ಅಕ್ಷರಗಳನ್ನು ಓದುತ್ತದೆ, ಚಿಕ್ಕ ಚೌಕದೊಳಗೆ ಗುರುತು ಇದೆಯೇ ಎಂಬುದನ್ನು ಹೇಳುವುದಿಲ್ಲ. ಏನೋ ದೋಷದ ಸಂದೇಶ ಬಂದಿದೆ, ಅದೇನು ಎಂದು ತಿಳಿಯಲು ಒಳ್ಳೆಯ ಉಪಾಯ. ಅಳಿಸುವ ಪಟ್ಟಿಯನ್ನು ನಂಬಲು ಸಾಲದು. ತೆರೆಯನ್ನು ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಹಾಕಿಕೊಂಡಿದ್ದರೆ ಅದನ್ನು ತೆಗೆಯದೆ ಈ ಓದು ನಡೆಯುವುದೂ ಇಲ್ಲ. ಹಾಗೆಯೇ ತೆರೆಯ ಮೇಲಿನ ಒಂದೊಂದು ವಸ್ತುವಿಗೂ ಹೋಗುವ ಆಬ್ಜೆಕ್ಟ್ ನ್ಯಾವಿಗೇಶನ್‌ನಿಂದ ಬಟನ್ ಹುಡುಕಿ, ಮೌಸನ್ನು ಅಲ್ಲಿಗೆ ತಂದು ಕ್ಲಿಕ್ ಮಾಡುವ ದಾರಿ. ಹಾಡು ನಿಲ್ಲಿಸಲು, ಸೆಟ್ಟಿಂಗ್ ತೆರೆಯಲು ಅದು ಸರಿ. ಮೌಸ್ ನಾಲ್ಕು ಪಿಕ್ಸೆಲ್ ಆಚೆ ಬಿದ್ದರೆ ಬೇರೆ ಗುಂಡಿ ಒತ್ತಿಹೋಗುವ ಕಡೆ, ಅದರಲ್ಲೂ ಅಳಿಸುವ ಕೆಲಸಕ್ಕೆ, ಆ ಸಾಹಸ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನದು ಫಲಿತಾಂಶದ ಪಟ್ಟಿ. ವಿಶ್ಲೇಷಣೆ ಮುಗಿದ ಮೇಲೆ ಯಾವ ಫೋಲ್ಡರಿನ ಯಾವ ಕಡತ, ಎಷ್ಟು ಗಾತ್ರ ಎಂಬುದು ಸಾಲುಸಾಲಾಗಿ ಸಿಗಬೇಕು. ಕಾಲಂಗಳಿರುವ ಪಟ್ಟಿಯಾದರೆ ಕಂಟ್ರೋಲ್, ಆಲ್ಟ್ ಹಿಡಿದು ಎಡಬಲ ಬಾಣ ಒತ್ತಿದಾಗ ಒಂದೊಂದು ಕಾಲಂ ಬೇರೆಯಾಗಿ ಓದಬೇಕು. ‘3,412 ವಸ್ತುಗಳು ಸಿಕ್ಕಿವೆ’ ಎಂದಷ್ಟೇ ಹೇಳಿ ಸರಿ ಮಾಡಲೇ ಎಂದು ಕೇಳುವ ತಂತ್ರಾಂಶಕ್ಕೆ ಬೇಡ ಎನ್ನಿ.

ಕೆಲಸ ನಡೆಯುವಾಗಿನ ಸದ್ದೂ ಮುಖ್ಯ. ಎನ್‌ವಿಡಿಎ ಮತ್ತು ಯು ಒತ್ತುತ್ತ ಹೋದರೆ ಪ್ರಗತಿ ಪಟ್ಟಿಯನ್ನು ಬೀಪ್‌ನಲ್ಲಿ ಕೇಳುವುದೋ, ಮಾತಿನಲ್ಲೋ, ಎರಡರಲ್ಲೂವೋ, ಬೇಡವೋ ಎಂದು ಬದಲಿಸಬಹುದು. ಬೀಪ್ ಏರುತ್ತ ಹೋದರೆ ನಿಜವಾದ ಪ್ರಗತಿ ಪಟ್ಟಿ ಇದೆ ಎಂದರ್ಥ. ಏನೂ ಕೇಳದಿದ್ದರೆ ಅದು ಬರೀ ಚಿತ್ರ. ಮುಗಿಯಿತೇ, ನೇತುಬಿತ್ತೇ ಎಂದು ತಿಳಿಯದೆ ನಡುವೆ ಮುಚ್ಚಿಬಿಡುವ ಸಂಭವ ಹೆಚ್ಚು.

ಹಿನ್ನೆಲೆಯಲ್ಲಿ ಕೂತು ಆಗಾಗ ಎದ್ದುಬರುವ ಕಿಟಕಿಗಳನ್ನೂ ಗಮನಿಸಿ. ಪತ್ರ ಟೈಪ್ ಮಾಡುತ್ತಿರುವಾಗ ‘500 ಎಂಬಿ ಕಸ ಸಿಕ್ಕಿದೆ’ ಎಂಬ ಕಿಟಕಿ ಫೋಕಸ್ ಕಿತ್ತುಕೊಂಡು ಬಂದರೆ, ಪದದ ನಡುವಿನ ಸ್ಪೇಸೋ ಸಾಲಿನ ಕೊನೆಯ ಎಂಟರೋ ಹೋಗಿ ಅದರ ಬಟನ್ ಮೇಲೆ ಬೀಳುತ್ತದೆ. ಸ್ಕ್ರೀನ್ ರೀಡರ್ ‘ಡೈಲಾಗ್’ ಎಂದು ಬಾಯಿ ತೆರೆಯುವಷ್ಟರಲ್ಲಿ ಒಪ್ಪಿಗೆ ಕೊಟ್ಟಾಗಿರುತ್ತದೆ. ವಿಂಡೋಸ್ ಜೊತೆಗೇ ಶುರುವಾಗುವ ಆಯ್ಕೆಯನ್ನು ಆಫ್ ಮಾಡಲು ಬಿಡದ ಕ್ಲೀನರ್ ಬೇಡವೇ ಬೇಡ.

ಆದೇಶದ ಸಾಲಿನ ದಾರಿ

ಬ್ಲೀಚ್‌ಬಿಟ್ ಎಂಬ ಕ್ಲೀನರ್ ಉಚಿತ, ಮುಕ್ತ ತಂತ್ರಾಂಶ, ಒಳ್ಳೆಯ ಕೆಲಸಗಾರ. ಆದರೆ ಅದರ ಕಿಟಕಿ ಜಿಟಿಕೆ ಎಂಬ ಸಲಕರಣೆಯ 3ನೇ ಆವೃತ್ತಿಯಿಂದ ಕಟ್ಟಿದ್ದು. ಲಿನಕ್ಸ್‌ನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಜೊತೆ ಮಾತಾಡುವ ಆ ಆವೃತ್ತಿ ವಿಂಡೋಸ್‌ನಲ್ಲಿ ಸ್ಕ್ರೀನ್ ರೀಡರ್‌ಗೆ ಬಾಗಿಲು ತೆರೆಯುವುದಿಲ್ಲ. ಹಾಗೆಂದು ಅದನ್ನು ಬಿಟ್ಟುಬಿಡಬೇಕಾಗಿಲ್ಲ, ಕಿಟಕಿಯ ಗೋಜಿಲ್ಲದ ಇನ್ನೊಂದು ದಾರಿ ಅದಕ್ಕಿದೆ.

ಬ್ಲೀಚ್‌ಬಿಟ್ ಸ್ಥಾಪನೆಯಾದ ಫೋಲ್ಡರನ್ನು ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಿರಿ. ಆಲ್ಟ್ ಮತ್ತು ಡಿ ಒತ್ತಿ ವಿಳಾಸದ ಜಾಗಕ್ಕೆ ಹೋಗಿ, ಸಿ ಎಂ ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಅದೇ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಬ್ಲೀಚ್‌ಬಿಟ್, ಅಂಡರ್‌ಸ್ಕೋರ್, ಕನ್ಸೋಲ್ ಎಂದು ಜಾಗ ಬಿಡದೆ ಬರೆದು, ಸ್ಪೇಸ್ ಬಿಟ್ಟು ಎರಡು ಹೈಫನ್, ಲಿಸ್ಟ್, ಹೈಫನ್, ಕ್ಲೀನರ್ಸ್ ಎಂದರೆ ಅದು ಏನೇನು ಶುಚಿ ಮಾಡಬಲ್ಲದು ಎಂಬುದರ ಹೆಸರುಗಳು ಬರುತ್ತವೆ. ಪ್ರತಿ ಹೆಸರಿನಲ್ಲೂ ಎರಡು ಭಾಗ, ನಡುವೆ ಚುಕ್ಕೆ: ಸಿಸ್ಟಂ ಚುಕ್ಕೆ ಟಿಎಂಪಿ, ಫೈರ್‌ಫಾಕ್ಸ್ ಚುಕ್ಕೆ ಕ್ಯಾಶ್, ಹೀಗೆ.

ಅದೇ ಆದೇಶದಲ್ಲಿ ಲಿಸ್ಟ್ ಹೈಫನ್ ಕ್ಲೀನರ್ಸ್ ಭಾಗದ ಬದಲು ಎರಡು ಹೈಫನ್ ಪ್ರಿವ್ಯೂ, ಸ್ಪೇಸ್, ಸಿಸ್ಟಂ ಚುಕ್ಕೆ ಟಿಎಂಪಿ ಎಂದರೆ ಏನನ್ನೂ ಮುಟ್ಟದೆ, ಅಳಿಸಬಹುದಾದ ಪ್ರತಿ ಕಡತದ ಹೆಸರು, ಗಾತ್ರ, ಕೊನೆಯಲ್ಲಿ ಒಟ್ಟು ಲೆಕ್ಕ ಕೊಡುತ್ತದೆ. ಕ್ಲೀನರ್‌ನಿಂದ ನಾವು ಕೇಳುತ್ತಿದ್ದದ್ದು ಇದನ್ನೇ! ಸಾಲುಗಳು ಉದ್ದವಾಗಿ ಓಡಿಹೋದರೆ ಆದೇಶದ ಕೊನೆಗೆ ನೆಟ್ಟಗೆ ನಿಂತ ಗೆರೆಯ ಚಿಹ್ನೆ ಹಾಕಿ, ಸಿ ಎಲ್ ಐ ಪಿ ಎಂದು ಸೇರಿಸಿ. ಉತ್ತರ ಪೂರ್ತಿ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ. ನೋಟ್‌ಪ್ಯಾಡ್ ತೆರೆದು ಅಂಟಿಸಿ, ಬಾಣದ ಕೀಲಿಯಲ್ಲಿ ಒಂದೊಂದೇ ಸಾಲು ಓದಿ, ಕಂಟ್ರೋಲ್ ಎಫ್ ಒತ್ತಿ ಬೇಕಾದ ಹೆಸರು ಹುಡುಕಿ. ತೃಪ್ತಿಯಾದ ಮೇಲೆ ಪ್ರಿವ್ಯೂ ಬದಲು ಕ್ಲೀನ್ ಎಂದು ಬರೆದು ಎಂಟರ್. ಅಲ್ಲಿ ‘ಖಂಡಿತವೇ?’ ಎಂದು ಕೇಳುವುದಿಲ್ಲ, ಕೂಡಲೇ ಶುರುಮಾಡುತ್ತದೆ. ಆದ್ದರಿಂದ ಎಂಟರ್ ಒತ್ತುವ ಮೊದಲು ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳಿ. ಎರಡನೆಯ ಭಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಬೇಡಿ. ಹಾಗೆ ಮಾಡಿದರೆ ಆ ಗುಂಪಿನ ಎಲ್ಲವೂ ಆಯ್ಕೆಯಾಗುತ್ತದೆ, ಬ್ರೌಸರ್ ವಿಷಯದಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಅದರಲ್ಲಿ ಸೇರಬಹುದು. ಖಾಲಿ ಜಾಗವನ್ನೆಲ್ಲ ಉಜ್ಜುವ ಆಯ್ಕೆಯೂ ಬೇಡ. ಗಂಟೆಗಟ್ಟಲೆ ನಡೆಯುತ್ತದೆ, ಜಾಗವೇನೂ ಹೆಚ್ಚುವುದಿಲ್ಲ.

ವಿಂಡೋಸ್ ಅಪ್‌ಡೇಟ್‌ನ ಹಳೆಯ ತುಣುಕುಗಳಿಗೆ ಬೇರೆ ಆದೇಶವಿದೆ. ವಿಂಡೋಸ್ ಆರ್ ಒತ್ತಿ, ಸಿ ಎಂ ಡಿ ಬರೆದು, ಎಂಟರ್ ಬದಲು ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒತ್ತಿ. ಅನುಮತಿ ಕೇಳಿದಾಗ ಆಲ್ಟ್ ವೈ. ಆಮೇಲೆ ಡಿ ಐ ಎಸ್ ಎಂ, ಸ್ಪೇಸ್, ಸ್ಲ್ಯಾಶ್ ಆನ್‌ಲೈನ್, ಸ್ಪೇಸ್, ಸ್ಲ್ಯಾಶ್ ಕ್ಲೀನಪ್ ಹೈಫನ್ ಇಮೇಜ್, ಸ್ಪೇಸ್, ಸ್ಲ್ಯಾಶ್, ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್ ಎಂಬ ಮೂರು ಪದ ಜಾಗ ಬಿಡದೆ. ಶೇಕಡಾ ಲೆಕ್ಕ ಬದಲಾದಂತೆಲ್ಲ ಎನ್‌ವಿಡಿಎ ಬಿಡದೆ ಓದತೊಡಗುತ್ತದೆ. ಎನ್‌ವಿಡಿಎ ಮತ್ತು 5 ಒತ್ತಿದರೆ ಬದಲಾಗುವ ಬರಹವನ್ನು ಓದುವುದು ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಅವೆರಡನ್ನೇ ಒತ್ತಿ ಚಾಲೂ ಮಾಡಲು ಮರೆಯಬೇಡಿ. ಇದರ ಮುಂದೆ ರೀಸೆಟ್‌ಬೇಸ್ ಎಂದು ಸೇರಿಸುವ ಸಲಹೆ ಕೆಲವೆಡೆ ಸಿಗುತ್ತದೆ. ಅದನ್ನು ಹಾಕಿದರೆ ಈವರೆಗಿನ ಅಪ್‌ಡೇಟುಗಳನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ. ಯಾವುದೋ ಅಪ್‌ಡೇಟ್ ಧ್ವನಿಗೆ ತೊಂದರೆ ಕೊಟ್ಟರೆ ತೆಗೆದುಹಾಕುವ ದಾರಿ ನಮಗೆ ಬೇಕು, ಹಾಗಾಗಿ ಅದು ಬೇಡ.

ದೊಡ್ಡ ಕಡತ ಎಲ್ಲಿದೆ ಎಂದು ಹುಡುಕಲು ಬಣ್ಣದ ಚೌಕಗಳ ನಕ್ಷೆ ತೋರಿಸುವ ಉಪಕರಣಗಳಿವೆ; ನಕ್ಷೆ ನಮಗೆ ಮೌನ. ಎಕ್ಸ್‌ಪ್ಲೋರರ್‌ನ ಹುಡುಕುವ ಜಾಗದಲ್ಲಿ ಸೈಜ್, ಕೋಲನ್, ಗ್ರೇಟರ್ ದ್ಯಾನ್ ಚಿಹ್ನೆ, 1 ಜಿಬಿ ಎಂದು ಬರೆದರೆ ಅಷ್ಟೇ ಕೆಲಸವಾಗುತ್ತದೆ. ಎವೆರಿಥಿಂಗ್ ಎಂಬ ಉಚಿತ ತಂತ್ರಾಂಶವೂ ಇದೇ ಬರಹವನ್ನು ಒಪ್ಪುತ್ತದೆ, ಬಹಳ ಬೇಗ ಹುಡುಕುತ್ತದೆ. ಸಿಕ್ಕ ದೊಡ್ಡ ಕಡತವನ್ನೆಲ್ಲ ಅಳಿಸಬೇಡಿ. ಹೈಬರ್‌ಫಿಲ್ ಎಂಬುದು ಹೈಬರ್ನೇಶನ್‌ನದು, ಪೇಜ್‌ಫೈಲ್ ಎಂಬುದು ಮೆಮೊರಿಯದು. ವಿಂಡೋಸ್ ಫೋಲ್ಡರಿನೊಳಗಿನ ವಿನ್‌ಎಸ್‌ಎಕ್ಸ್‌ಎಸ್ ತನ್ನ ನಿಜ ಗಾತ್ರಕ್ಕಿಂತ ದೊಡ್ಡದಾಗಿ ಲೆಕ್ಕ ತೋರಿಸುತ್ತದೆ, ಏಕೆಂದರೆ ಅದರ ಕಡತಗಳು ಬೇರೆ ಫೋಲ್ಡರುಗಳಲ್ಲೂ ಅವೇ ಆಗಿ ಎಣಿಕೆಯಾಗುತ್ತವೆ. ಕೈಯಿಂದ ಅಲ್ಲಿ ಏನನ್ನೂ ತೆಗೆಯಕೂಡದು.

ಗುರುತು ಹಾಕಬಾರದ ಸಾಲುಗಳು

ಕುಕೀಸ್ ಎಂದರೆ ಜಾಲತಾಣಗಳು ನಿಮ್ಮನ್ನು ನೆನಪಿಡಲು ಇಡುವ ಚಿಕ್ಕ ಕಡತಗಳು, ಅವನ್ನು ಅಳಿಸಿದರೆ ಎಲ್ಲ ಜಾಲತಾಣಗಳಿಂದ ಹೊರಬೀಳುತ್ತೀರಿ. ಬೇರೆಯವರಿಗೆ ಅದು ಮತ್ತೊಮ್ಮೆ ಪಾಸ್‌ವರ್ಡ್ ಹಾಕುವ ಕೆಲಸ. ನಮಗೆ ಎದುರಾಗುವುದು ಯಂತ್ರವಲ್ಲ ಮನುಷ್ಯ ಎಂದು ತೋರಿಸಬೇಕಾದ ಚಿತ್ರದ ಕ್ಯಾಪ್ಚಾ: ಬಸ್ ಇರುವ ಚೌಕ ಆರಿಸಿ, ತುಣುಕನ್ನು ಎಳೆದು ಸರಿ ಜಾಗಕ್ಕೆ ಕೂರಿಸಿ. ಧ್ವನಿಯ ಬದಲಿ ಆಯ್ಕೆ ಎಲ್ಲ ಕಡೆ ಇರುವುದಿಲ್ಲ. ಕ್ಯಾಶ್ ಬೇರೆ, ಕುಕೀಸ್ ಬೇರೆ. ಜಾಗ ತಿನ್ನುವುದು ಕ್ಯಾಶ್, ಅಂದರೆ ಪುಟಗಳು ಬೇಗ ತೆರೆಯಲೆಂದು ಬ್ರೌಸರ್ ಉಳಿಸಿಟ್ಟುಕೊಂಡ ಪ್ರತಿಗಳು. ಬ್ರೌಸರಿನಲ್ಲೇ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿದರೆ ಬರುವ ಕಿಟಕಿಯಲ್ಲಿ ಕ್ಯಾಶ್ ಒಂದಕ್ಕೇ ಗುರುತಿಟ್ಟು ಉಳಿದದ್ದನ್ನು ತೆಗೆಯಿರಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಅದೇ ಕೀಲಿ.

ಟೆಂಪ್ ಫೋಲ್ಡರನ್ನು ಕೈಯಿಂದಲೂ ಖಾಲಿ ಮಾಡಬಹುದು. ವಿಂಡೋಸ್ ಆರ್, ಪರ್ಸೆಂಟ್ ಚಿಹ್ನೆ, ಟೆಂಪ್, ಪರ್ಸೆಂಟ್ ಚಿಹ್ನೆ, ಎಂಟರ್, ಆಮೇಲೆ ಕಂಟ್ರೋಲ್ ಎ, ಡಿಲೀಟ್. ನಡುವೆ ಕಡತ ಬಳಕೆಯಲ್ಲಿದೆ ಎಂಬ ಸಂದೇಶ ಬಂದೇ ಬರುತ್ತದೆ. ಎನ್‌ವಿಡಿಎ ತನ್ನ ಲಾಗ್ ಕಡತವನ್ನು ಅಲ್ಲೇ ಇಟ್ಟುಕೊಂಡಿರುವುದೇ ಒಂದು ಕಾರಣ. ಎಲ್ಲದಕ್ಕೂ ಇದೇ ಮಾಡು ಎಂಬ ಚೆಕ್‌ಬಾಕ್ಸ್‌ಗೆ ಗುರುತಿಟ್ಟು ‘ಸ್ಕಿಪ್’ ಒತ್ತಿ. ಇದರಿಂದ ಎನ್‌ವಿಡಿಎಗೆ ಏನೂ ಆಗದು. ಅದರ ಸೆಟ್ಟಿಂಗ್, ಆಡ್‌ಆನ್, ಉಚ್ಚಾರ ನಿಘಂಟು ಇರುವುದು ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರಿನೊಳಗೆ. ಆ ರೋಮಿಂಗ್‌ನಲ್ಲಿ ‘ಅನಾಥ ಫೋಲ್ಡರ್’ ಹುಡುಕುತ್ತೇನೆ ಎನ್ನುವ ಕ್ಲೀನರನ್ನು ಮಾತ್ರ ಹತ್ತಿರ ಸೇರಿಸಬೇಡಿ.

ರಿಜಿಸ್ಟ್ರಿ ಎಂದರೆ ವಿಂಡೋಸ್ ಮತ್ತು ತಂತ್ರಾಂಶಗಳ ಸೆಟ್ಟಿಂಗುಗಳೆಲ್ಲ ಇರುವ ಕಣಜ; ಅದನ್ನು ಶುಚಿ ಮಾಡುವ ರಿಜಿಸ್ಟ್ರಿ ಕ್ಲೀನರ್ ವಿಷಯದಲ್ಲಿ ನನ್ನದು ಒಂದೇ ಮಾತು, ಬಳಸಬೇಡಿ. ರಿಜಿಸ್ಟ್ರಿ ಶುಚಿ ಮಾಡುವ ಉಪಕರಣಗಳನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ನೀತಿಯಲ್ಲೇ ಹೇಳಿದೆ. ಉಳಿಯುವ ಜಾಗವೂ ಲೆಕ್ಕಕ್ಕೆ ಬರುವಷ್ಟಲ್ಲ. ಸ್ಕ್ರೀನ್ ರೀಡರ್ ಬೇರೆ ತಂತ್ರಾಂಶಗಳ ಒಳಗನ್ನು ಓದುವುದು ಕಾಮ್ ಎಂಬ ವ್ಯವಸ್ಥೆಯ ಮೂಲಕ, ಅದರ ನೋಂದಣಿ ಇರುವುದು ರಿಜಿಸ್ಟ್ರಿಯಲ್ಲೇ. ಆ ನೋಂದಣಿ ಕಳಚಿದರೆ ಬ್ರೌಸರಿನಲ್ಲಿ ಎಲ್ಲಿ ಹೋದರೂ ‘ಅನ್‌ನೋನ್’ ಎಂದು ಕೇಳುತ್ತದೆ, ಪುಟ ಓದುವ ಬ್ರೌಸ್ ಮೋಡ್ ಮತ್ತು ಟೈಪ್ ಮಾಡುವ ಫೋಕಸ್ ಮೋಡ್ ನಡುವೆ ಬದಲಾವಣೆ ನಡೆಯುವುದಿಲ್ಲ, ಓದು ತೀರಾ ನಿಧಾನವಾಗುತ್ತದೆ. ಇದು ತಂತ್ರಾಂಶ ಹಾಕಿ ತೆಗೆಯುವುದರಿಂದಲೂ ಆಗುವುದುಂಟು. ಹೀಗಾದರೆ ಎನ್‌ವಿಡಿಎ ಮತ್ತು ಎನ್ ಒತ್ತಿ ಮೆನು ತೆರೆದು, ಟೂಲ್ಸ್ ಒಳಗೆ ಕಾಮ್ ರಿಜಿಸ್ಟ್ರೇಶನ್ ಫಿಕ್ಸಿಂಗ್ ಟೂಲ್ ಓಡಿಸಿ, ಕಂಪ್ಯೂಟರನ್ನು ಮರುಪ್ರಾರಂಭಿಸಿ. ವಿಂಡೋಸ್ ಮರುಸ್ಥಾಪನೆಗೆ ಕೈಹಾಕುವ ಮೊದಲು ಇದನ್ನು ಮಾಡಿ ನೋಡಲೇಬೇಕು.

ಯಾವ ಕ್ಲೀನರ್ ಓಡಿಸುವುದಾದರೂ ಮೊದಲು ಎನ್‌ವಿಡಿಎ ಮೆನುವಿನ ಟೂಲ್ಸ್‌ನಿಂದ, ಈಗಿನ ಸೆಟ್ಟಿಂಗುಗಳ ಸಮೇತ, ಪೆನ್ ಡ್ರೈವ್‌ಗೆ ಒಂದು ಪೋರ್ಟಬಲ್ ಪ್ರತಿ ಮಾಡಿಟ್ಟುಕೊಳ್ಳಿ, ಅದು ಮಾತಾಡುತ್ತದೆ ಎಂದು ಒಮ್ಮೆ ಓಡಿಸಿ ನೋಡಿ. ಸ್ಥಾಪಿಸಿದ ಪ್ರತಿ ಮೂಕವಾದರೆ ಕಂಟ್ರೋಲ್, ವಿಂಡೋಸ್, ಎಂಟರ್ ಒತ್ತಿ ನರೇಟರ್ ಎಬ್ಬಿಸಿ ಪೆನ್ ಡ್ರೈವ್‌ವರೆಗೆ ಹೋಗಬಹುದು. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟ್ ಕೂಡ ಮಾಡಿ. ಸಿಸ್ಟಂ ಪ್ರೊಟೆಕ್ಷನ್ ಆಫ್ ಆಗಿದ್ದರೆ ‘ಕ್ರಿಯೇಟ್’ ಬಟನ್ ಸಿಗುವುದಿಲ್ಲ, ಮೊದಲು ‘ಕಾನ್ಫಿಗರ್’ ಒಳಗೆ ಅದನ್ನು ಆನ್ ಮಾಡಬೇಕು.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದೂ ಮುಖ್ಯ. ಮಾಡಿದವರ ಸ್ವಂತ ತಾಣವೇ ಆಗಲಿ. ಆದರೂ ಅಷ್ಟಕ್ಕೇ ನಿಶ್ಚಿಂತೆಯಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಕ್ಲೀನರ್‌ನ 5.33ನೇ ಆವೃತ್ತಿಯೊಳಗೆ ಹಾನಿ ಮಾಡುವ ಕೋಡ್ ಸೇರಿಸಿದ್ದು ಬೆಳಕಿಗೆ ಬಂತು, ಅಧಿಕೃತವಾಗಿ ಹಂಚಿದ ಪ್ರತಿಯಲ್ಲೇ. ಸುಮಾರು 22.7 ಲಕ್ಷ ಕಂಪ್ಯೂಟರುಗಳಲ್ಲಿ ಅದು ಇತ್ತು. ಅಡ್ಮಿನಿಸ್ಟ್ರೇಟರ್ ಅಧಿಕಾರ ಕೇಳುವ ತಂತ್ರಾಂಶ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸ್ಥಾಪಿಸುವಾಗ ಪ್ರತಿ ಪುಟದಲ್ಲೂ ಎನ್‌ವಿಡಿಎ ಮತ್ತು ಬಿ ಒತ್ತಿ ಪೂರ್ತಿ ಓದಿ. ಜೊತೆಗೆ ಬೇರೆ ಬ್ರೌಸರ್, ಬೇರೆ ಆಂಟಿವೈರಸ್ ಹಾಕಲು ಮೊದಲೇ ಗುರುತು ಬಿದ್ದ ಚೆಕ್‌ಬಾಕ್ಸುಗಳು ಫೋಕಸ್ ನಿಂತ ಬಟನ್‌ಗಿಂತ ಹಿಂದೆ ಇರುತ್ತವೆ. ಎಂಟರ್ ಒತ್ತುತ್ತ ಹೋದರೆ ಅವು ಕೇಳಿಸುವುದೇ ಇಲ್ಲ. ಹೆದರಿಸಿ ಹಣ ಕೀಳುವ ಸಂದೇಶ ತೋರಿಸುವ ಕ್ಲೀನರ್‌ಗಳನ್ನು ಮೈಕ್ರೋಸಾಫ್ಟ್ ಡಿಫೆಂಡರ್ 2018ರ ಮಾರ್ಚ್‌ನಿಂದ ಬೇಡದ ತಂತ್ರಾಂಶವೆಂದೇ ಎಣಿಸುತ್ತಿದೆ. ಡಿಫೆಂಡರ್ ತಡೆದರೆ ಅದನ್ನು ಆಫ್ ಮಾಡಿ ಮುಂದುವರಿಯಬೇಡಿ.

ಒಳ್ಳೆಯ ತಂತ್ರಾಂಶ, ಚೆಕ್‌ಬಾಕ್ಸ್ ಒಂದು ಮಾತ್ರ ಮೂಕ ಎಂದಾದರೆ ಮಾಡಿದವರಿಗೆ ಬರೆಯಿರಿ. ‘ಸ್ಕ್ರೀನ್ ರೀಡರ್‌ನಲ್ಲಿ ಕೆಲಸ ಮಾಡುವುದಿಲ್ಲ’ ಎಂದು ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ತಂತ್ರಾಂಶದ ಆವೃತ್ತಿ, ವಿಂಡೋಸ್ ಆವೃತ್ತಿ, ಎನ್‌ವಿಡಿಎ ಆವೃತ್ತಿ, ಯಾವ ಕಿಟಕಿಯ ಯಾವ ಸಾಲು, ಯಾವ ಕೀಲಿ ಒತ್ತಿದಾಗ ಏನು ಕೇಳಿಸಿತು, ಏನು ಕೇಳಿಸಬೇಕಿತ್ತು ಎಂಬಿಷ್ಟನ್ನು ಬರೆಯಿರಿ. ಆ ಸಾಲಿನ ಮೇಲೆ ನಿಂತು ಎನ್‌ವಿಡಿಎ ಮತ್ತು ಎಫ್1 ಒತ್ತಿದರೆ ಲಾಗ್ ಕಿಟಕಿ ತೆರೆದು, ಆ ವಸ್ತುವಿನ ಹೆಸರು, ಬಗೆ, ಸ್ಥಿತಿ ಎಲ್ಲ ತಾಂತ್ರಿಕ ವಿವರವಾಗಿ ಸಿಗುತ್ತದೆ. ಆ ಭಾಗವನ್ನಷ್ಟೇ ನಕಲಿಸಿ ಪತ್ರದ ಕೊನೆಗೆ ಅಂಟಿಸಿ. ಉಳಿದ ಲಾಗ್‌ನಲ್ಲಿ ನೀವು ಓದಿದ ಬೇರೆ ಸಂಗತಿಗಳೂ ಇರಬಹುದು, ಅದನ್ನು ಕಳಿಸಬೇಡಿ.